ಸಂಘದ ಚರಿತ್ರೆ ಓದಬೇಕಿದ್ದ ದಿನ

ದಂತವೈದ್ಯರ ಸಂಘದ ಚರಿತ್ರೆ ಓದಲು ನಾನು ಚಾಮರಾಜನಗರಕ್ಕೆ ಹೊರಟಿದ್ದ ಬೆಳಿಗ್ಗೆ ನೀಲಾವತಿ ಬಂದು, ತನ್ನ ತಾಯಿಯ ಬಾಯಿ ತೆರೆಯುತ್ತಿಲ್ಲ ಎಂದಳು.

ಅವಳು ಜಗಲಿಯ ಕೆಳಗೇ ನಿಂತಿದ್ದಳು. ಉಡಿಗಾಲದಿಂದ ಮೊದಲ ಬಸ್ಸಿಗೆ ಬಂದಿದ್ದಳು. ನನ್ನ ಮೈದುನ ಮಾದೇಶ್ ಹಲ್ಲುಜ್ಜುತ್ತಿದ್ದವನು ಬಾಯಿ ಮುಕ್ಕಳಿಸಿ ಬಂದು, ಕಿತ್ತ ಹಲ್ಲಿನ ಜಾಗ ಹಾಗೆ ಊದುತ್ತದೆ, ಎರಡು ದಿನದಲ್ಲಿ ಇಳಿಯುತ್ತದೆ ಎಂದ.

"ಎಂಜ್ಲೂ ನುಂಗಕ್ಕಾಯ್ತಿಲ್ಲ ಕಣಣ್ಣ" ಎಂದಳು ನೀಲಾವತಿ. "ಮಾತಾಡುದ್ರೆ ಬಿಸಿ ಗೆಣಸು ಬಾಯಲ್ಲಿ ಇಟ್ಕಂಡಂಗೆ ಮಾತಾಡ್ತಾಳೆ."

ಮಾದೇಶ್ ಒಳಗೆ ಹೋಗಿ ಮಾತ್ರೆಗಳನ್ನು ಕಾಗದದಲ್ಲಿ ಸುತ್ತಿ ತಂದುಕೊಟ್ಟ. ಕೊಡುವಾಗ ಅವನ ಕೈ ಒದ್ದೆಯಾಗಿತ್ತು. ಬಾಯಿ ತೊಳೆದ ನೀರಲ್ಲ ಅದು, ಬೆವರು.

ನೀಲಾವತಿಯ ತಾಯಿ ಮೂಗಮ್ಮನ ಹಲ್ಲು ಕಿತ್ತವನು ಅವನೇ. ಬುಧವಾರ ಅವಳು ಊದಿದ ದವಡೆ ಹಿಡಿದುಕೊಂಡು ಬಂದಿದ್ದಳು. ಕೆಳದವಡೆಯ ಹಿಂದಿನ ಹಲ್ಲು. ಊದಿಕೊಂಡಿರುವಾಗ ಮುಟ್ಟಬಾರದಿತ್ತು. ಮುಟ್ಟಿದ. ಹೊರಗೆ ಬಂದವಳಿಗೆ ನಮ್ಮತ್ತೆ ಶಾಂತಮಲ್ಲಮ್ಮ ಕರುಣೆಯಿಂದಲೇ, ಉಪ್ಪು ಹುರಿದು ಗಂಟು ಕಟ್ಟಿ ಚೆನ್ನಾಗಿ ಶಾಖ ಕೊಟ್ಟುಕೋ ಎಂದು ಹೇಳಿ ಕಳಿಸಿದ್ದರು. ಅದೂ ಮಾಡಬಾರದ್ದು. ನನ್ನ ಗಂಡ ಇದ್ದಾಗ ಪ್ರತಿಯೊಬ್ಬರಿಗೂ, ಊದಿದ ದವಡೆಗೆ ಹೊರಗಿನಿಂದ ಶಾಖ ಬೇಡ, ಕೀವು ದಾರಿ ಹುಡುಕಿಕೊಂಡು ಕುತ್ತಿಗೆಗೆ ಇಳಿಯುತ್ತದೆ ಎಂದು ಹೇಳಿಯೇ ಕಳಿಸುತ್ತಿದ್ದರು.

ನನ್ನ ಗಂಡ ಡಾ. ಕುಮಾರಸ್ವಾಮಿ ದಂತವೈದ್ಯರು. ಬೇಗೂರಿನ ಹತ್ತಿರ ಅವರ ಬೈಕಿಗೆ ಲಾರಿ ಹೊಡೆದು, ಅವರು ತೀರಿಕೊಂಡು ಎರಡನೆಯ ವರ್ಷ ನಡೆಯುತ್ತಿತ್ತು. ಗುಂಡ್ಲುಪೇಟೆಯ ನಮ್ಮ ಮನೆಯ ಮುಂದಿನ ಕೋಣೆಯೇ ಕ್ಲಿನಿಕ್ಕು. ಹೊರಗಿನ ಬೋರ್ಡು ಇಳಿಸಲು ಅತ್ತೆ ಒಪ್ಪಲಿಲ್ಲ. ಪ್ರತಿ ಸೋಮವಾರ ಅದನ್ನು ಒರೆಸಿ, ಮಗನ ಹೆಸರಿನ ಮೇಲೆ ವಿಭೂತಿ ಎಳೆಯುತ್ತಿದ್ದರು. ಒಳಗಿನ ಕುರ್ಚಿಗೂ ಎಳೆಯುತ್ತಿದ್ದರು. ಪೂಜೆಯಾದ ಬೋರ್ಡು ಕಂಡ ಜನ ಕ್ಲಿನಿಕ್ಕು ನಡೆಯುತ್ತಿದೆ ಎಂದುಕೊಂಡರು. ನೋವು ಎಂದು ಬಂದವರಿಗೆ ಮಾದೇಶ್ ಮೊದಲು ಮಾತ್ರೆ ಕೊಟ್ಟ. ಆಮೇಲೆ ಅಲ್ಲಾಡುವ ಹಲ್ಲು ತೆಗೆದ. ಆಮೇಲೆ ಇಂಜೆಕ್ಷನ್. ಪಿಯುಸಿ ಓದಿದವನು. ಅಣ್ಣನ ಪಕ್ಕ ನಿಂತು ಸಾಮಾನು ಎತ್ತಿಕೊಟ್ಟದ್ದಷ್ಟೇ ಅವನ ಕಲಿಕೆ. ನಾನು ಬೇಡವೆಂದೆ. ಮನೆ ನಡೆಯಬೇಕಲ್ಲ ಎಂದರು ಅತ್ತೆ. ಆಗ ನನಗೆ ಯಾವುದಕ್ಕೂ ಎದುರು ಹೇಳುವ ಶಕ್ತಿ ಇರಲಿಲ್ಲ. ಭಯ ಮಾತ್ರ ಇತ್ತು. ಗೇಟಿನ ಮುಂದೆ ಜೀಪು ನಿಂತ ಸದ್ದಾದರೆ ಕೈಯಲ್ಲಿದ್ದುದನ್ನು ಕೆಳಗಿಡುತ್ತಿದ್ದೆ.

ಜೀಪಿನ ಭಯಕ್ಕೆ ಕಾರಣವಿತ್ತು. ನನ್ನ ಗಂಡ ಸಂಘದ ಜಿಲ್ಲಾ ಶಾಖೆಯ ಕಾರ್ಯದರ್ಶಿಯಾಗಿದ್ದರು. ತೆರಕಣಾಂಬಿಯ ಸಂತೆಯಲ್ಲಿ ಕೂತು ಹಲ್ಲು ಕೀಳುತ್ತಿದ್ದ ಒಬ್ಬನ ಮೇಲೆ ದೂರು ಕೊಟ್ಟು, ಆರೋಗ್ಯ ಇಲಾಖೆಯವರ ಜೊತೆ ತಾವೇ ಹೋಗಿ ಹಿಡಿಸಿದ್ದರು. ಆ ಮನುಷ್ಯ ಜೈಲು ನೋಡಿ ಬಂದ. ಅವನ ಇಕ್ಕಳದ ಪೆಟ್ಟಿಗೆಯನ್ನು ಜೀಪಿಗೆ ಹೊತ್ತು ಹಾಕಿದವನು ಮಾದೇಶ್. ಅಂದು ಮನೆಗೆ ಬಂದು ಬಹಳ ನಕ್ಕಿದ್ದ.

ಶಾಖೆಗೆ ಹತ್ತು ವರ್ಷವಾಯಿತು, ನೀವು ಇತಿಹಾಸದಲ್ಲಿ ಎಂ.ಎ. ಮಾಡಿದವರು, ಸಂಘದ ಕಥೆ ಬರೆದುಕೊಡಿ ಎಂದು ಕೇಳಿದವರು ಶಾಖೆಯ ಅಧ್ಯಕ್ಷರು ಡಾ. ಚಿಕ್ಕಬಸವಯ್ಯ. ನನಗೆ ಏನಾದರೂ ಕೆಲಸ ಇರಲಿ ಎಂಬ ಮನಸ್ಸು ಅವರದು. ಸಂಘದ ಪತ್ರಿಕೆಯ ಹಳೆಯ ಸಂಚಿಕೆಗಳ ಕಟ್ಟು ಕಳಿಸಿದರು. ಕಲ್ಕತ್ತೆಯಲ್ಲಿ ಮೊದಲ ದಂತ ಕಾಲೇಜು ತೆರೆದದ್ದು, ಓದಿ ಬಂದ ಕೆಲವೇ ಮಂದಿ ಸೇರಿ ಸಂಘ ಕಟ್ಟಿದ್ದು, ಕಾನೂನು ಬೇಕೆಂದು ವರ್ಷಗಟ್ಟಲೆ ಕೇಳಿದ್ದು, ಸ್ವಾತಂತ್ರ್ಯ ಬಂದ ಮರುವರ್ಷ ಕಾಯ್ದೆ ಆದದ್ದು. ಅಲ್ಲಿಯವರೆಗೆ ಯಾರು ಬೇಕಾದರೂ ಯಾರ ಹಲ್ಲನ್ನು ಬೇಕಾದರೂ ಕೀಳಬಹುದಿತ್ತು. ಓದಿರದೆ, ಆದರೆ ಆ ಕೆಲಸದಿಂದಲೇ ಬಹುಕಾಲ ಬದುಕುತ್ತಿದ್ದವರನ್ನು ಕಾಯ್ದೆ ಬೀದಿಗೆ ಹಾಕಲಿಲ್ಲ. ಅವರಿಗಾಗಿ ನೋಂದಣಿ ಪಟ್ಟಿಯಲ್ಲಿ ಎರಡನೆಯ ಭಾಗವೊಂದನ್ನು ಮಾಡಿತು. ಅವರು ತೀರಿಕೊಂಡಂತೆ ಆ ಭಾಗವೂ ತೆಳುವಾಗುತ್ತ ಹೋಯಿತು. 'ಅವರೊಂದಿಗೆ ಆ ಕಾಲ ಮುಗಿಯಿತು' ಎಂದು ನಾನು ಬರೆದೆ. ಬರೆಯುತ್ತಿರುವಾಗ ಗೋಡೆಯ ಆಚೆ ಟ್ರೇಗೆ ಇಕ್ಕಳ ಬಿದ್ದ ಸದ್ದಾಯಿತು. ವಾಕ್ಯವನ್ನು ಹಾಗೇ ಬಿಟ್ಟೆ.

ಆ ಬೆಳಿಗ್ಗೆ ಆ ಬರಹ ನನ್ನ ಬ್ಯಾಗಿನಲ್ಲಿತ್ತು. ನೀಲಾವತಿ ಮಾತ್ರೆ ತೆಗೆದುಕೊಂಡು ತಿರುಗಿದಳು. ನಾನೂ ಚಪ್ಪಲಿ ಮೆಟ್ಟಿದೆ. ಅತ್ತೆ ಬಾಗಿಲವರೆಗೆ ಬಂದರು.

"ಓದ್ಬುಟ್ಟು ಸೀದ ಬಾ ಕಣವ್ವ. ಅಲ್ಲಿ ಎಲ್ಲಾ ಡಾಕ್ಟ್ರುಗಳೇ ಇರ್ತಾರೆ. ನಮ್ಮನೆ ಇಸ್ಯ ಬಾಯಿ ಬುಡಬೇಡ. ಒಬ್ಬ ಮಗನ್ನ ಮಣ್ಣಿಗೆ ಕೊಟ್ಟಿವ್ನಿ."

ಹಾಗೆಂದು ಒಳಗೆ ಹೋದರು.

ಬಸ್ಸಿನಲ್ಲಿ ನೀಲಾವತಿ ಪಕ್ಕದಲ್ಲಿ ಕೂತಳು. ಕೂರಲು ಹಿಂದೆಮುಂದೆ ನೋಡಿದವಳನ್ನು ನಾನೇ ಎಳೆದು ಕೂರಿಸಿದೆ. ಕಂಡಕ್ಟರು, ಇಬ್ಬರೂ ಒಂದೇ ಮನೇವ್ರಾ ಎಂದು ತಮಾಷೆ ಮಾಡಿದ. ಅವನು ಚೀಟಿ ಹರಿದು ಮುಂದೆ ಹೋದ.

ಕುತ್ತಿಗೆ ಮುಟ್ಟಿದರೆ ಹೇಗಿದೆ ಎಂದು ಕೇಳಿದೆ. ಗಟ್ಟಿಯಾಗಿದೆ ಎಂದಳು. ಎಷ್ಟು ಗಟ್ಟಿ ಎಂದೆ. ಅವಳು ಮುಂದಿನ ಸೀಟಿನ ಮರದ ಹಲಗೆಯನ್ನು ಬೆರಳಿನಿಂದ ಬಡಿದು ತೋರಿಸಿದಳು.

ಮದುವೆಯಾದ ಹೊಸತರಲ್ಲಿ ನನ್ನ ಗಂಡ ಹೇಳಿದ್ದ ಒಂದು ಸಂಗತಿ ಇದೆ. ಅವರು ಓದುತ್ತಿದ್ದಾಗ ಮೈಸೂರಿಗೆ ಒಬ್ಬ ರೈತ ನಡೆದುಕೊಂಡೇ ಬಂದಿದ್ದನಂತೆ, ದವಡೆಯ ಕೆಳಗೆ ಎರಡೂ ಕಡೆ ಊದಿಕೊಂಡು. ಸಾಲಿನಲ್ಲಿ ಕೂತಿದ್ದ. ಹೆಸರು ಕೂಗಿದಾಗ ಏಳಲಿಲ್ಲ. 'ಕುತ್ತಿಗೆ ಹಲಗೆಯಾದರೆ ಹಲ್ಲನ್ನು ಮರೆತುಬಿಡಬೇಕು, ಉಸಿರು ನೋಡಬೇಕು. ನಾಲಿಗೆ ಮೇಲೆದ್ದು ದಾರಿ ಮುಚ್ಚುತ್ತದೆ. ಹೊರಗಿನಿಂದ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ, ಸುಮ್ಮನೆ ಕೂತಂತೆ ಕಾಣುತ್ತಾರೆ' ಎಂದಿದ್ದರು. ಆ ದಿನ ಅವರು ಊಟ ಮಾಡಿರಲಿಲ್ಲ.

ನಾನು ಸೀಟಿನ ಹಲಗೆಯನ್ನು ನೋಡುತ್ತ ಕೂತೆ. ನೀಲಾವತಿ ತಗ್ಗಿದ ದನಿಯಲ್ಲಿ ಇನ್ನೊಂದು ವಿಷಯ ಹೇಳಿದಳು. ಬೇರೆ ಆಸ್ಪತ್ರೆಗೆ ಹೋಗೋಣ ಎಂದರೆ ತಾಯಿ ಒಪ್ಪುತ್ತಿಲ್ಲ. ಹೋದರೂ ಹಲ್ಲು ಕೀಳಿಸಿದ್ದು ಬಾಯಿ ಬಿಡಬಾರದು ಎಂದು ಆಣೆ ಹಾಕಿಸಿಕೊಂಡಿದ್ದಾಳೆ. ಕೆಪ್ಪಟೆ, ಅಂದರೆ ಮಂಗನಬಾವು, ಆಗಿದೆ ಎಂದು ಕೇರಿಗೆಲ್ಲ ಹೇಳಿ, ಅದಕ್ಕೆ ಹಚ್ಚುವ ಕೆಮ್ಮಣ್ಣನ್ನು ಗಲ್ಲಕ್ಕೆ ಬಳಿದುಕೊಂಡು ಕೂತಿದ್ದಾಳೆ.

"ನಂಗೆ ಹಸ ಒದ್ದು ದವಡೆ ಮುರ್ದಿತ್ತಲ್ಲ ಅಕ್ಕ, ಆಗ ಡಾಕ್ಟ್ರು ಮೈಸೂರ್ಗಂಟ ಕರ್ಕಂಡೋಗಿ ತಂತಿ ಕಟ್ಟುಸ್ಕಂಡು ಬಂದ್ರು. ಆ ಮನೆಗೆ ಪೊಲೀಸ್ ಬಂದ್ರೆ ನಾ ಬದ್ಕಿದ್ದೂ ಸತ್ತಂಗೆ ಅಂತಾಳೆ ಅವ್ವ."

ನನಗೆ ಆ ಸಂಗತಿ ಗೊತ್ತೇ ಇರಲಿಲ್ಲ. ನನ್ನ ಗಂಡ ಹೇಳಿರಲಿಲ್ಲ.

ಉಡಿಗಾಲ ಬಂತು. ನೀಲಾವತಿ ಎದ್ದಳು. ಕಂಡಕ್ಟರು ನನ್ನನ್ನು ನೋಡಿ, ನಿಮ್ದು ಚಾಮರಾಜನಗರ ಅಲ್ವಾ ಅಮ್ಮ ಎಂದ. ನಾನು ಇಳಿದುಬಿಟ್ಟಿದ್ದೆ.

ಮೂಗಮ್ಮ ಮನೆಯ ಹೊರಗೆ ಗೋಡೆಗೆ ಒರಗದೆ, ಎರಡೂ ಕೈಗಳನ್ನು ಮೊಣಕಾಲಿಗೆ ಊರಿ, ಮುಂದೆ ಬಾಗಿ ಕೂತಿದ್ದಳು. ಗಲ್ಲದ ಮೇಲೆ ಕೆಮ್ಮಣ್ಣು ಒಣಗಿ ಬಿರಿದಿತ್ತು. ಕೆಳತುಟಿಯಿಂದ ಜೊಲ್ಲು ಸೆರಗಿಗೆ ಇಳಿಯುತ್ತಿತ್ತು. ಪಕ್ಕದಲ್ಲಿ ಉಪ್ಪಿನ ಗಂಟು ಇನ್ನೂ ಬಿಸಿಯಾಗಿತ್ತು. ನೆರೆಯ ಹೆಂಗಸೊಬ್ಬಳು, ಡಾಕ್ಟ್ರಮ್ಮನೇ ಬಂದ್ಬುಟ್ಟವ್ಳೆ ನೋಡು, ಇನ್ನೇನು ಭಯ ಎಂದಳು. ನಾನು ಡಾಕ್ಟರಲ್ಲ. ಯಾರಿಗೂ ಹಾಗೆ ಹೇಳಿಕೊಂಡವಳೂ ಅಲ್ಲ.

ದವಡೆಯ ಕೆಳಗೆ ಬೆರಳಿಟ್ಟೆ. ಒತ್ತಿದರೂ ತಗ್ಗು ಬೀಳಲಿಲ್ಲ. ಎಡಕ್ಕೂ ಬಲಕ್ಕೂ ಒಂದೇ ಹಲಗೆ. ಮೂಗಮ್ಮ ನನ್ನ ಮಣಿಕಟ್ಟು ಹಿಡಿದು ಏನೋ ಹೇಳಿದಳು. ಅರ್ಥವಾಗಲಿಲ್ಲ. ನೀಲಾವತಿ ಬಿಡಿಸಿ ಹೇಳಿದಳು, ಊಟ ಮಾಡ್ಕಂಡು ಹೋಗಿ ಅಂತಾವ್ಳೆ ಎಂದು.

ಬಾಳೆಗೊನೆ ತುಂಬಿಕೊಂಡು ಚಾಮರಾಜನಗರದ ಮಂಡಿಗೆ ಹೊರಟಿದ್ದ ಲಗೇಜ್ ಆಟೋ ಸಿಕ್ಕಿತು. ಚಾಲಕ ಗೊನೆಗಳನ್ನು ಒಂದು ಕಡೆ ಸರಿಸಿ ಜಾಗ ಮಾಡಿದ. ಮಲಗಿಸಲು ನೋಡಿದೆವು. ಮೂಗಮ್ಮ ಬೆನ್ನು ನೆಲಕ್ಕೆ ತಾಗುವ ಮೊದಲೇ ಕೈಕಾಲು ಬಡಿದು ಎದ್ದು ಕೂತಳು. ಕಣ್ಣು ಅಗಲವಾಗಿದ್ದವು. ಆಮೇಲೆ ನಾವು ಮಲಗಿಸುವ ಪ್ರಯತ್ನ ಮಾಡಲಿಲ್ಲ. ಆಟೋ ಹಳ್ಳಕ್ಕೆ ಇಳಿದು ಹತ್ತುವಾಗಲೆಲ್ಲ ಅವಳ ಗಂಟಲಿನಿಂದ ಸಣ್ಣ ಸಿಳ್ಳೆಯಂಥ ಸದ್ದು ಬರುತ್ತಿತ್ತು. ಮೊದಮೊದಲು ಹಳ್ಳದಲ್ಲಿ ಮಾತ್ರ. ಊರು ಹತ್ತಿರವಾದಂತೆ ನೇರ ರಸ್ತೆಯಲ್ಲೂ.

ನನ್ನ ಗಂಡನ ಮೊಬೈಲನ್ನೇ ನಾನು ಇಟ್ಟುಕೊಂಡಿದ್ದೆ. ಅದು ಹೊಡೆದುಕೊಂಡಿತು. ಮಾದೇಶ್. ನಾನು ಉಡಿಗಾಲದಲ್ಲಿ ಇಳಿದದ್ದನ್ನು ಬಸ್ಸಿನಲ್ಲಿದ್ದ ಯಾರೋ ಆಗಲೇ ಮುಟ್ಟಿಸಿದ್ದರು.

"ಅತ್ಗೆ, ಆಸ್ಪತ್ರೆಗೆ ಬೇಕಾದ್ರೆ ಸೇರುಸ್ಬುಡಿ, ಬ್ಯಾಡ ಅನ್ನಲ್ಲ. ಹಲ್ಲು ಕಿತ್ತಿದ್ದು ಒಂದು ಹೇಳ್ಬೇಡಿ. ಅವಳೂ ಹೇಳಲ್ಲ, ನಂಗೊತ್ತು. ಆ ತೆರಕಣಾಂಬಿಯವ್ನ ಏನ್ ಮಾಡುದ್ರು ಅಂತ ನಾ ನೋಡಿವ್ನಿ."

ಅವನು ಅಳುತ್ತಿದ್ದ. ಅಣ್ಣ ಸತ್ತಾಗಲೂ ಅವನು ಅತ್ತದ್ದನ್ನು ನಾನು ಕಂಡಿರಲಿಲ್ಲ. ನಾನು ಫೋನು ಇಟ್ಟೆ.

ಸಂಘದ ಸಭೆ ನಡೆಯುವ ಕಲ್ಯಾಣಮಂಟಪದ ಎದುರಿಗೇ ಒಂದು ಸಣ್ಣ ನರ್ಸಿಂಗ್ ಹೋಂ ಇತ್ತು. ಹತ್ತಿರವಾದದ್ದು ಅದೇ ಎಂದು ಅಲ್ಲಿ ಇಳಿಸಿದೆವು. ಡಾಕ್ಟರು ಒಳಗೆ ಹೆರಿಗೆಯಲ್ಲಿದ್ದರು. ಬಾಗಿಲಲ್ಲಿದ್ದ ನರ್ಸು ಏನಾಗಿದೆ ಎಂದು ಕೇಳಿದಳು. ನೀಲಾವತಿ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

"ಕೆಪ್ಪಟೆ ಸಿಸ್ಟರ್" ಎಂದಳು ನೀಲಾವತಿ.

ಕೆಮ್ಮಣ್ಣು ಬಳಿದ ಗಲ್ಲ ನೋಡಿದ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಇಲ್ಲಿ ಬಾಣಂತಿಯರಿದ್ದಾರೆ, ಹಸುಗೂಸುಗಳಿವೆ, ಇದು ಅಂಟುವ ಕಾಯಿಲೆ ಎಂದು ನರ್ಸು ನಮ್ಮನ್ನು ಹಿಂದಿನ ವರಾಂಡಕ್ಕೆ ಕಳಿಸಿದಳು. ಡಾಕ್ಟರು ಬಂದಮೇಲೆ ಕಳಿಸುತ್ತೇನೆ ಎಂದಳು. ಅವಳು ತಾನು ಕೇಳಿದ ಮಾತಿಗೆ ಸರಿಯಾಗಿಯೇ ನಡೆದುಕೊಂಡಳು. ವರಾಂಡದಲ್ಲಿ ಒಣಹಾಕಿದ ಬೆಡ್‌ಶೀಟುಗಳಿದ್ದವು. ಒಂದು ಬೆಂಚು ಇತ್ತು. ಯಾರೂ ಇರಲಿಲ್ಲ.

ಮೂಗಮ್ಮ ಬೆಂಚಿನ ಅಂಚು ಹಿಡಿದು ಕೂತಳು. ನೀಲಾವತಿ ಸೆರಗಿನಿಂದ ಅವಳ ಜೊಲ್ಲು ಒರೆಸಿದಳು. ಎದುರು ಕಲ್ಯಾಣಮಂಟಪದಿಂದ ಮೈಕಿನ ಸದ್ದು ಕೇಳುತ್ತಿತ್ತು. ಹೂಗುಚ್ಛ ಕೊಡುತ್ತಿದ್ದರು. ಹೆಸರು, ಚಪ್ಪಾಳೆ, ಹೆಸರು, ಚಪ್ಪಾಳೆ. ಜಿಲ್ಲೆಯ ದಂತವೈದ್ಯರೆಲ್ಲ ಆ ಗೋಡೆಯ ಆಚೆ ಇದ್ದರು. ಇವಳ ಕುತ್ತಿಗೆಯನ್ನು ಒಮ್ಮೆ ನೋಡಿದರೆ ಅವರಲ್ಲಿ ಯಾರಿಗಾದರೂ ತಿಳಿಯುತ್ತಿತ್ತು. ನಾನು ಎದ್ದು ರಸ್ತೆ ದಾಟಬೇಕಿತ್ತು, ಅಷ್ಟೆ.

ನಾನು ಏಳಲಿಲ್ಲ. ಡಾಕ್ಟರು ಬರುತ್ತಾರೆ, ನೋಡಿದರೆ ಅವರಿಗೇ ಗೊತ್ತಾಗುತ್ತದೆ, ನಾನು ಹೆಸರು ಹೇಳಬೇಕಾಗಿಲ್ಲ ಎಂದುಕೊಂಡೆ. ಮಾದೇಶನನ್ನು ಜೀಪಿಗೆ ಹತ್ತಿಸುವುದು ಕಣ್ಣಿಗೆ ಬಂತು. ಅತ್ತೆ ಗೇಟು ಹಿಡಿದು ನಿಲ್ಲುವುದು ಬಂತು. ಆಮೇಲೆ ಆ ಮನೆಯಲ್ಲಿ ಅವರ ಎದುರು ನಾನು ಊಟಕ್ಕೆ ಕೂರುವುದು ಬಂತು.

ಸಿಳ್ಳೆಯ ಸದ್ದು ನಿಂತಿತು.

ಮೂಗಮ್ಮ ಹಾಗೇ ಕೂತಿದ್ದಳು. ನೀಲಾವತಿ, ಈಗ ವಾಸಿ ಅನ್ಸುತ್ತೆ ಅಕ್ಕ, ಸುಮ್ಕಾದ್ಲು ಎಂದಳು. ನಾನು ಮೂಗಮ್ಮನ ಮುಖ ನೋಡಿದೆ. ಕೆಮ್ಮಣ್ಣಿನ ಸುತ್ತಲಿನ ಚರ್ಮ ಬೂದಿಯ ಬಣ್ಣಕ್ಕೆ ತಿರುಗಿತ್ತು. ಕತ್ತಿನ ಗುಳಿ ಒಳಕ್ಕೆ ಒಳಕ್ಕೆ ಹೋಗುತ್ತಿತ್ತು, ಗಾಳಿಯ ಸದ್ದಿಲ್ಲ. ಅವಳ ಕಣ್ಣುಗಳು ನನ್ನ ಮೇಲೇ ಇದ್ದವು. ಕೇಳುತ್ತಿರಲಿಲ್ಲ, ಬೇಡುತ್ತಿರಲಿಲ್ಲ. ಸುಮ್ಮನೆ ಹೆದರಿದ್ದವು, ಕಟ್ಟಿಹಾಕಿದ ದನದ ಕಣ್ಣಿನ ಹಾಗೆ.

ನಾನು ಓಡಿದೆ.

ರಸ್ತೆ ಹೇಗೆ ದಾಟಿದೆನೋ ನೆನಪಿಲ್ಲ. ಮಂಟಪದ ಬಾಗಿಲಲ್ಲಿ ಯಾರೋ ಗುಲಾಬಿ ಕೊಡಲು ಬಂದರು. ವೇದಿಕೆಯ ಮೇಲಿದ್ದವರು ನನ್ನನ್ನು ಕಂಡು, ನಮ್ಮ ಚರಿತ್ರೆ ಬರೆದ ಶಿವರಂಜಿನಿಯವರು ಬಂದರು, ದಿವಂಗತ ಕುಮಾರಸ್ವಾಮಿಯವರ ಶ್ರೀಮತಿ ಎಂದು ಮೈಕಿನಲ್ಲಿ ಹೇಳಿದರು. ಎಲ್ಲರೂ ಎದ್ದು ನಿಂತರು. ಚಪ್ಪಾಳೆ ತಟ್ಟಿದರು. ಡಾ. ಚಿಕ್ಕಬಸವಯ್ಯ ಮೊದಲ ಸಾಲಿನಿಂದ ಎದ್ದು ಕೈ ಮುಗಿಯುತ್ತ ಬಂದರು. ಆ ಚಪ್ಪಾಳೆಯ ನಡುವೆ ನಾನು ಅವರ ಕೋಟಿನ ತೋಳು ಹಿಡಿದುಕೊಂಡೆ.

"ಎದುರಿಗೆ ಒಬ್ಬಳು ಉಸಿರು ಕಟ್ಟಿ ಕೂತಿದ್ದಾಳೆ ಸಾರ್. ಕೆಪ್ಪಟೆ ಅಂತ ಹೇಳಿದ್ದಾರೆ. ಕೆಪ್ಪಟೆಯಲ್ಲ. ಬುಧವಾರ ಊದಿದ್ದಾಗಲೇ ಕೆಳದವಡೆ ಹಲ್ಲು ಕಿತ್ತಿದ್ದಾರೆ. ಮೇಲೆ ಶಾಖ ಕೊಟ್ಟಿದ್ದಾರೆ. ಕುತ್ತಿಗೆ ಹಲಗೆಯಾಗಿದೆ."

ಅವರ ಮುಖದ ನಗು ಎಲ್ಲಿ ಹೋಯಿತೋ. ಹಿಂದೆ ತಿರುಗಿ ಇಬ್ಬರ ಹೆಸರು ಕೂಗಿದರು. ಎದುರಿನ ಡಾಕ್ಟರಿಗೆ ಹೆರಿಗೆ ಬಿಟ್ಟು ಬರಲು ಹೇಳಿ, ಗಂಟಲು ಕೊಯ್ಯಬೇಕಾಗಬಹುದು ಎಂದರು. ಓಡುತ್ತಲೇ ನನ್ನನ್ನು ಕೇಳಿದರು.

"ಏನೇನು ಕೊಟ್ಟಿದ್ದಾರೆ? ಯಾರು ಕಿತ್ತದ್ದು? ಗೊತ್ತಿದ್ರೆ ಹೇಳಮ್ಮ, ಬೇಗ."

"ನನ್ನ ಮೈದುನ ಮಾದೇಶ. ನಮ್ಮ ಮನೇಲಿ."

ಅವರ ಹೆಜ್ಜೆ ಒಂದು ಕ್ಷಣ ತಪ್ಪಿತು. ಪಕ್ಕದಲ್ಲಿ ಓಡುತ್ತಿದ್ದ ಇಬ್ಬರೂ ನನ್ನನ್ನು ನೋಡಿದರು. ನಾನು ಮಾದೇಶನಿಗೆ ಫೋನು ಮಾಡಿ, ಇಂಜೆಕ್ಷನ್ ಮತ್ತು ಮಾತ್ರೆಗಳ ಹೆಸರು ಹೇಳು ಎಂದು ಫೋನನ್ನು ಡಾಕ್ಟರ ಕೈಗೆ ಕೊಟ್ಟೆ. ಅವನು ತಡವರಿಸುತ್ತ ಒಂದೊಂದಾಗಿ ಹೇಳಿದ. ಎಲ್ಲವನ್ನೂ ಹೇಳಿದ. ಅದನ್ನು ನಾನು ಅವನ ಪರವಾಗಿ ಇಲ್ಲಿ ಬರೆಯಬೇಕು.

ಮೂಗಮ್ಮನನ್ನು ಎತ್ತಿಕೊಂಡು ಒಳಗೆ ಹೋದರು. ಬಾಗಿಲು ಮುಚ್ಚಿತು. ವರಾಂಡದಲ್ಲಿ ನೀಲಾವತಿ ನನ್ನ ಹತ್ತಿರ ಬರಲಿಲ್ಲ. ಬೆಂಚಿನ ಆ ತುದಿಯಲ್ಲಿ ನಿಂತಿದ್ದಳು.

"ಯೋಳ್ಬುಟ್ರಾ ಅಕ್ಕ? ಆಣೆ ಹಾಕ್ಸಿದ್ಲು ಅವ್ವ. ಅವ್ಳು ಎದ್ದು ಕೇಳುದ್ರೆ ನಾನೇನ್ ಹೇಳ್ಳಿ?"

ಅವಳು ಎದ್ದು ಕೇಳಲಿ ಎಂದೆ.

ಬಾಗಿಲು ತೆರೆದಾಗ ಡಾ. ಚಿಕ್ಕಬಸವಯ್ಯನವರ ಶರಟಿನ ಮೇಲೆ, ಸಭೆಯ ಬ್ಯಾಡ್ಜಿನ ಪಕ್ಕದಲ್ಲಿ, ರಕ್ತ ಇತ್ತು. ಗಂಟಲಿನಲ್ಲಿ ನಳಿಕೆ ಇಟ್ಟಿದ್ದೇವೆ, ಉಸಿರಿದೆ, ಆದರೆ ಕೀವು ಎದೆಗೆ ಇಳಿದಿದೆಯೋ ಗೊತ್ತಿಲ್ಲ, ಮೈಸೂರಿಗೆ ಹೋಗಬೇಕು ಎಂದರು. ಆಮೇಲೆ ನನ್ನ ಕಡೆ ನೋಡದೆ, ದೂರು ತಾನಾಗಿಯೇ ಹೋಗುತ್ತದೆ, ನಾನು ತಡೆಯುವುದಿಲ್ಲ, ತಡೆಯಬಾರದು ಎಂದರು. ಗೊತ್ತು ಸಾರ್ ಎಂದೆ. ಕುಮಾರಸ್ವಾಮಿ ಇದ್ದಿದ್ದರೂ ಹೀಗೇ ಹೇಳುತ್ತಿದ್ದ ಎಂದು ಅವರು ಹೇಳಲಿಲ್ಲ. ಹೇಳದೆ ಇದ್ದುದಕ್ಕೆ ನನಗೆ ಸಮಾಧಾನವಾಯಿತು.

ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಮನೆಯ ನಂಬರು. ಅತ್ತೆ ಇರಬೇಕು. ಎತ್ತಲಿಲ್ಲ. ಎತ್ತುವ ಧೈರ್ಯ ಇರಲಿಲ್ಲ.

ಆಂಬುಲೆನ್ಸಿನ ಹಿಂದೆ ಇಬ್ಬರಿಗೆ ಜಾಗವಿತ್ತು. ಒಬ್ಬ ನರ್ಸು ಹತ್ತಿದಳು. ನೀಲಾವತಿ ನನ್ನನ್ನು ಮುಂದಕ್ಕೆ ತಳ್ಳಿದಳು. ದೊಡ್ಡಾಸ್ಪತ್ರೆಯಲ್ಲಿ ಕೇಳಿದ್ದಕ್ಕೆ ಉತ್ತರ ಕೊಡಲು ತನಗೆ ಬರುವುದಿಲ್ಲ, ತಾನು ಚಾಲಕನ ಪಕ್ಕ ಕೂರುತ್ತೇನೆ ಎಂದಳು. ಇನ್ನೂ ನನ್ನ ಮುಖ ನೋಡುತ್ತಿರಲಿಲ್ಲ.

ಮೂಗಮ್ಮನ ಗಲ್ಲದ ಕೆಮ್ಮಣ್ಣನ್ನು ಒರೆಸಿದ್ದರು. ಅವಳ ಕಣ್ಣು ತೆರೆದಿದ್ದವು. ನಳಿಕೆಯಿಂದ ಉಸಿರು ಬಂದು ಹೋಗುವಾಗ ತೇವದ ಸದ್ದಾಗುತ್ತಿತ್ತು, ಕೊಳವೆಯಲ್ಲಿ ನೀರು ಗುಳುಗುಳು ಎಂದಂತೆ. ಅದು ತಡೆದಾಗಲೆಲ್ಲ ನರ್ಸು ಸಣ್ಣ ರಬ್ಬರು ಕೊಳವೆ ಇಳಿಸಿ ಕಫ ತೆಗೆಯುತ್ತಿದ್ದಳು. ತೆಗೆಯುವಾಗ ಮೂಗಮ್ಮನ ಇಡೀ ಮೈ ಸೆಟೆದುಕೊಳ್ಳುತ್ತಿತ್ತು.

ಬದನಗುಪ್ಪೆ ದಾಟಿತು. ನಾನು ಆ ಸದ್ದನ್ನು ಬಿಟ್ಟು ಬೇರೆ ಏನನ್ನೂ ಕೇಳುತ್ತಿರಲಿಲ್ಲ. ಚಾಲಕನ ಹಿಂದಿನ ಗಾಜಿನ ಮೇಲೆ, ಬೇಕಾದರೆ ಬಡಿದು ಕೂಗಲು, ನನ್ನ ಕೈ ಇಟ್ಟುಕೊಂಡೇ ಇದ್ದೆ. ನಂಜನಗೂಡಿನ ಸೇತುವೆ ಬರುವವರೆಗೂ ತೆಗೆಯಲಿಲ್ಲ. ಅಲ್ಲಿಂದ ಮುಂದೆಯೂ ತೆಗೆಯಲಿಲ್ಲ.